ವಸ್ತಾದರು ಎತ್ತಿದ ಗುಂಡುಕಲ್ಲು

ಮಂಡಿನೋವಿಗೆಂದು ಅಳಿಯ ತಂದುಕೊಟ್ಟಿದ್ದ ಎಣ್ಣೆಯ ಸೀಸೆಯನ್ನು ನಿನ್ನೆ ತೆರೆದೆ. ಕಮಟು ಹಿಡಿದ ಹರಳೆಣ್ಣೆ, ಬೆಳ್ಳುಳ್ಳಿ, ಹಳೆಯ ಬೆವರು ಒಂದಾದಂಥ ನಾತ. ಕೂಡಲೇ ಬಿರಡೆಯನ್ನು ಮುಚ್ಚಿದೆ. ಮುಚ್ಚಿದ ಮೇಲೂ ಮೂಗಿನಲ್ಲಿ ಉಳಿದದ್ದು ಕೆಲಮಂಗಲದ ಗರಡಿಮನೆ...

ನಲವತ್ತರ ದಶಕದ ನಡುವಿನಲ್ಲಿ ನಾನು ಆ ಊರಿನ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ನನ್ನ ಬಾಡಿಗೆಯ ಕೋಣೆಯು ಗರಡಿಯ ಗೋಡೆಗೆ ಒತ್ತಿಕೊಂಡಿತ್ತು. ಕುಸ್ತಿ ಕಲಿಸುವ ವಸ್ತಾದರಿಗೆ ಆಗಲೇ ಅರವತ್ತು ದಾಟಿತ್ತು. ಬೆಳಗ್ಗೆ ಕೆರೆಯ ಏರಿಯ ಮೇಲೆ ನಡೆದು ಬಂದು, ಮರದ ಗದೆಯನ್ನು ನಿಧಾನವಾಗಿ ತಿರುಗಿಸಿ, ಜಗಲಿಯಲ್ಲಿ ಕುಳಿತು ಮೈಗೆ ಇಂಥದೇ ನಾತದ ಎಣ್ಣೆಯನ್ನು ತಿಕ್ಕಿಕೊಳ್ಳುತ್ತಿದ್ದರು.

“ನಡೆದ್ರೆ ಮೈ ಹಗುರಾಯ್ತದೆ ಮೇಷ್ಟ್ರೇ, ಗದೆ ತಿರುವಿದ್ರೆ ರಟ್ಟೆ ಸಡ್ಲಾಯ್ತದೆ. ಬಸ್ಕಿ ಹೊಡೆದ್ರೆ ಮಾತ್ರ, ಪ್ರಾಯ್ದಲ್ಲಿ ಹಸಿವಾಗ್ತಿತ್ತು, ಈಗ ಮಂಡಿ ಊದ್ಕತದೆ. ಇನ್ನ ಆ ಗುಂಡುಕಲ್ಲು ಮುಟ್ಟುದ್ರೆ ವಾರಗಟ್ಲೆ ಸೊಂಟನೋವು ಬಿಡಾಕಿಲ್ಲ” ಎಂದಿದ್ದರು.

ಆ ಕಲ್ಲೇ ಅವರ ಸಂಕಟ. ಆಯುಧಪೂಜೆಯ ದಿನ ವಸ್ತಾದರೇ ಮೊದಲು ಗುಂಡುಕಲ್ಲನ್ನು ಹೆಗಲಿಗೇರಿಸಬೇಕು. ಏರಿಸಲಾಗದವರು ಗುರುಪಟ್ಟದ ರುಮಾಲನ್ನು ಬಿಚ್ಚಿಕೊಟ್ಟು ಗರಡಿಯಿಂದ ಹೊರನಡೆಯಬೇಕು. ಇದು ಅಲ್ಲಿನ ಕಟ್ಟಳೆ. ಗರಡಿಯನ್ನು ಬಿಟ್ಟರೆ ಅವರಿಗೆ ಬೇರೆ ಮನೆಯೇ ಇರಲಿಲ್ಲ.

ಆ ವರ್ಷ ಪೂಜೆಯಾದ ಮೇಲೆ ಅವರು ಕೈಮುಗಿದರು. “ಈ ಸಲ ಹುಡುಗ್ರು ಎತ್ಲಿ ಕಣ್ರಪ್ಪಾ. ನಾನು ಪಟ್ಟು ಹೇಳ್ಕೊಡ್ತೀನಿ.”

ಗುಂಪು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವರ ಹಿರಿಯ ಶಿಷ್ಯ. ಎಲೆಯಡಿಕೆಯ ರಸವನ್ನು ಗರಡಿಯ ಗೋಡೆಗೇ ಉಗಿದು, “ಹಂಗಾರೆ ರುಮಾಲು ಕೊಟ್ಬುಟ್ಟು ಹೋಗಿ ಗುರುಗಳೇ, ಹೆಂಗಸ್ರ ಜೊತೆ ಕೂತ್ಕಂಡು ರಾಗಿ ಬೀಸೀರಂತೆ!” ಎಂದ.

ವಸ್ತಾದರು ಕಲ್ಲಿಗೆ ಬಗ್ಗಿದರು. ಕಲ್ಲು ಮಂಡಿಯವರೆಗೆ ಬಂತು, ಎದೆಯವರೆಗೆ ಬಂತು... ಹೆಗಲಿಗೇರದೆ ಜಾರಿ ಬಿತ್ತು. ಅವರು ಮಣ್ಣಿನ ಮೇಲೆ ಕುಸಿದು ನರಳುತ್ತಿರುವಾಗಲೇ ಶಿಷ್ಯನು ಅವರ ರುಮಾಲನ್ನು ಎತ್ತಿ ತನ್ನ ತಲೆಗೆ ಸುತ್ತಿಕೊಂಡ. ಜನ ಶಿಳ್ಳೆ ಹೊಡೆದರು. ಒಬ್ಬನು ಆ ನಾತದ ಎಣ್ಣೆಯನ್ನು ಅವರ ಬೆನ್ನಿಗೆ ಸುರಿದು, ಜಿಡ್ಡಿನ ಕೈಯನ್ನು ಅವರ ಪಂಚೆಗೇ ಒರೆಸಿ, ಪ್ರಸಾದಕ್ಕೆ ಓಡಿದ. ಅಸಹ್ಯವೆಂಬ ಪದದ ಅರ್ಥವನ್ನು ತರಗತಿಯಲ್ಲಿ ಹೇಳಬೇಕಾದಾಗಲೆಲ್ಲ ನನಗೆ ಆ ಕೈ ಕಾಣಿಸುತ್ತಿತ್ತು.

ಅವರು ಮತ್ತೆ ಏರಿಯನ್ನು ಹತ್ತಲಿಲ್ಲ. ಛತ್ರದ ಜಗಲಿಯಲ್ಲಿ ಕೆಲವು ಕಾಲ ಮಲಗಿದ್ದು, ಅಲ್ಲಿಯೇ ತೀರಿಕೊಂಡರು.

ಕಳೆದ ತಿಂಗಳು ಕೆಲಮಂಗಲಕ್ಕೆ ಹೋಗಿದ್ದೆ. ಆ ಶಿಷ್ಯನ ಮೀಸೆಯೂ ನರೆತಿದೆ. ರುಮಾಲು ಮಾತ್ರ ತಲೆಯ ಮೇಲೆಯೇ ಇದೆ. ಕಲ್ಲನ್ನು ಈಗ ಮೊದಲು ಹುಡುಗರು ಎತ್ತುತ್ತಾರೆ. “ವಯಸ್ಸಾದೋರ್ಗೆ ಯಾಕೆ ಮೇಷ್ಟ್ರೇ ಆ ತೊಂದ್ರೆ? ಕಟ್ಟಳೆ ತೆಗ್ದಾಕ್ಬುಟ್ವಿ” ಎಂದು ಹಲ್ಲು ಕಿರಿದ.

ಸೀಸೆಯನ್ನು ತಿಪ್ಪೆಗೆ ಎಸೆದೆ. ಮಂಡಿ ನೋಯುತ್ತಲೇ ಇದೆ... ಬೆಳಗ್ಗೆ ನಿಧಾನವಾಗಿ ನಡೆಯುತ್ತೇನೆ. ಎಷ್ಟು ದೂರ ನಡೆಯಬಹುದೆಂದು ಕೇಳೋಣವೆಂದರೆ, ಹೇಳಬಲ್ಲ ವಸ್ತಾದರು ಇಲ್ಲ.