ಬೀಗದ ಮನೆಯ ಹೊಸ್ತಿಲು

ನಮ್ಮ ಮುತ್ಯಾ ಗಿರಮಲ್ಲಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಅಂಗಡಿಯವನು ತಕ್ಕಡಿ ಎತ್ತಿದರೆ ಅದರ ತಳಕ್ಕೆ ಕೈಹಾಕಿ ತಡವುತ್ತಿದ್ದ. ಯಾರಾದರೂ ಸುಮ್ಮನೆ ನಕ್ಕರೆ ಆ ದಿನ ಅವರ ಜೊತೆ ವ್ಯವಹಾರ ಮಾಡುತ್ತಿರಲಿಲ್ಲ. ಸ್ವಂತ ಬೀಗರು ಊಟಕ್ಕೆ ಕರೆದರೂ, ಯಾಕೆ ಕರೆದಿದ್ದಾರೆ ಎಂದು ಅಜ್ಜಿ ಸಾತವ್ವನನ್ನು ಎರಡೆರಡು ಸಲ ಕೇಳುತ್ತಿದ್ದನಂತೆ. ಇಂಥವನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ ಅಜ್ಜಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಬನಹಟ್ಟಿಯಲ್ಲಿ ನಮಗೊಂದು ಮನೆ ಅಂತ ಆದದ್ದು ಅವನ ಆ ಹಾಳು ಸಂಶಯದಿಂದಲೇ.

ಮುತ್ಯಾ ಸಾವಳಗಿ ಕಡೆಯ ಕುರಿಗಾರ. ಸಂತೆಯಲ್ಲಿ ಕುರಿ ಕೊಳ್ಳುವಾಗ ಹಲ್ಲು ನೋಡುತ್ತಿದ್ದ, ಕಿವಿಯ ಗುರುತು ನೋಡುತ್ತಿದ್ದ. ಅಷ್ಟಾದ ಮೇಲೆ ಮಾರುವವನಿಗೆ ನಾಲ್ಕು ಮಾರು ದೂರ ಹೋಗಿ ನಿಲ್ಲಲು ಹೇಳುತ್ತಿದ್ದ. ಕುರಿ ಕತ್ತು ಹೊರಳಿಸಿ ಯಾರ ಕಡೆ ನೋಡುತ್ತದೆ ಎನ್ನುವುದೇ ಅವನ ಪಾಲಿಗೆ ಕಾಗದಪತ್ರ. ಕದ್ದ ಕುರಿ ಮಾರುವವನ ಕಡೆ ನೋಡುವುದಿಲ್ಲ ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ.

ಸಂಸ್ಥಾನಗಳ ಕಾಲ. ಹಿಪ್ಪರಗಿಯ ಹತ್ತಿರ ಹೊಳೆ ದಾಟುವಾಗ ಜಾರಿ ಬಿದ್ದು ಅವನ ಬಲ ಮೊಳಕಾಲು ಕೆಟ್ಟಿತು. ಕುರಿ ಹಿಂದೆ ನಡೆಯಲಾಗದ ಕುರಿಗಾರ ಏನು ಮಾಡಬೇಕು? ಹಿಂಡನ್ನು ಪೂರ್ತಿ ಮಾರಿ, ಆ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು, ಹೆಂಡತಿ ಮಕ್ಕಳ ಜೊತೆ ಬನಹಟ್ಟಿಗೆ ಬಂದು ಒಂದು ಗುಡಿಸಲಲ್ಲಿ ಇಳಿದ. ಆ ದುಡ್ಡು ಒಂದೇ ಸಲ ಬರುವಂಥದ್ದು. ಅದರಲ್ಲಿ ಕೊಂಡ ಮನೆ ನಾಳೆ ಇನ್ನೊಬ್ಬರದು ಎಂದಾದರೆ ಕುರಿಯೂ ಇಲ್ಲ, ಸೂರೂ ಇಲ್ಲ.

ನೂಲಿನ ವ್ಯಾಪಾರಿ ನಿಂಗಣ್ಣನ ಕೈಯಲ್ಲಿ ಒಂದು ಮನೆಯಿತ್ತು. ನೇಕಾರರ ಮನೆ, ಪಡಸಾಲೆಯಲ್ಲಿ ಮಗ್ಗದ ಕುಣಿ ಹಾಗೇ ಇತ್ತು. ಹನ್ನೊಂದು ವರ್ಷದಿಂದ ಬೀಗ ಹಾಕಿ ಒಳಗೆ ನೂಲಿನ ಗಂಟು ತುಂಬಿಟ್ಟಿದ್ದ. ಮನೆ ತನ್ನದೇ ಎನ್ನುವುದಕ್ಕೆ ಹನ್ನೊಂದು ವರ್ಷ ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ತುಂಬಿದ ಪಾವತಿಗಳನ್ನು ತಂದು ಮುತ್ಯಾನ ಮುಂದೆ ಹರವಿದ. ಬೆಲೆಯನ್ನೂ ಕಡಿಮೆ ಹೇಳಿದ. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು, ಮುತ್ಯಾನಿಗೆ ಅದೇ ಚುಚ್ಚಿತು. ಎಂಟು ದಿನ ಬಿಟ್ಟು ಹೇಳುತ್ತೇನೆ ಎಂದು ಎದ್ದು ಬಂದ.

ಮರುದಿನ ಹೊತ್ತು ಹುಟ್ಟುವ ಮೊದಲೇ ಹೋಗಿ ಆ ಮನೆಯ ಎದುರಿನ ಕಟ್ಟೆಯ ಮೇಲೆ ಕುಳಿತ. ಕೈಯಲ್ಲಿ ಉಣ್ಣೆ ನೂಲುವುದು, ಕಣ್ಣು ಬಾಗಿಲ ಮೇಲೆ. ಕುರಿಯನ್ನು ನಿಲ್ಲಿಸಿ ನೋಡಿದಂತೆ ಮನೆಯನ್ನು ನೋಡುತ್ತೇನೆ ಎಂದು ಹೊರಟವನನ್ನು ಕಂಡು ಓಣಿಯವರು ನಕ್ಕರು. ಕಳ್ಳತನಕ್ಕೆ ಹೊಂಚು ಹಾಕುತ್ತಿದ್ದಾನೆಂದು ಇಬ್ಬರು ತಮ್ಮ ಬಾಗಿಲಿಗೂ ಬೀಗ ಹಾಕಿಕೊಂಡರು.

ಬಿಸಿಲು ಬೀಳುವ ಹೊತ್ತಿಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಸೆಗಣಿಯ ಬುಟ್ಟಿ ಹಿಡಿದು ಬಂದಳು. ಬೀಗದ ಮನೆಯ ಹೊಸ್ತಿಲು ತೊಳೆದಳು, ಮುಂದಿನ ನೆಲ ಸಾರಿಸಿ ರಂಗೋಲಿಯ ನಾಲ್ಕು ಗೆರೆ ಎಳೆದಳು. ಯಾರ ಜೊತೆಗೂ ಮಾತಾಡದೆ ಹೋದಳು. ಎರಡನೆಯ ದಿನವೂ ಬಂದಳು, ಮೂರನೆಯ ದಿನವೂ ಬಂದಳು. ಯಾರೂ ವಾಸಿಸದ ಮನೆಯ ಹೊಸ್ತಿಲು ಇಡೀ ಓಣಿಯಲ್ಲೇ ಚೊಕ್ಕಟವಾಗಿತ್ತು.

ನಿಂಗಣ್ಣನನ್ನು ಕೇಳಿದರೆ ಕೂಲಿಯವಳು ಎಂದ. ಆದರೆ ಆಕೆಗೆ ಯಾರೂ ಒಂದು ಹಿಡಿ ಜೋಳ ಕೊಟ್ಟದ್ದನ್ನು ಮುತ್ಯಾ ಕಾಣಲಿಲ್ಲ. ಓಣಿಯವರೂ ಬಾಯಿ ಬಿಡಲಿಲ್ಲ, ಅರ್ಧ ಓಣಿಯ ಮಗ್ಗಗಳಿಗೆ ನೂಲು ಬರುತ್ತಿದ್ದದ್ದು ನಿಂಗಣ್ಣನ ಅಂಗಡಿಯಿಂದ. ಕೊನೆಗೆ ನೆರೆಮನೆಯ ಒಬ್ಬ ಮುದುಕಿ ಮಾತ್ರ, ಆ ಸಾರಿಸುವವಳ ಹೆಸರು ಅನ್ನವ್ವ, ಅವಳ ಸತ್ತ ಗಂಡ ಇದೇ ಮನೆಯಲ್ಲಿ ನೇಯುತ್ತಿದ್ದ, ಮಕ್ಕಳಿಲ್ಲ, ಈಗ ರಬಕವಿಯಿಂದ ಬರುತ್ತಾಳೆ ಎಂದಷ್ಟೇ ಹೇಳಿ ಒಳಗೆ ಹೋದಳು. ಮುತ್ಯಾನಿಗೆ ಈಗ ಇಬ್ಬರ ಮೇಲೂ ಅನುಮಾನ. ನಿಂಗಣ್ಣ ಮೋಸ ಮಾಡುತ್ತಿರಬಹುದು, ಇಲ್ಲವೇ ಈ ಹೆಂಗಸೇ ಸುಳ್ಳು ಹಕ್ಕು ಹೂಡಿ ದುಡ್ಡು ಕೀಳಲು ನಾಟಕ ಆಡುತ್ತಿರಬಹುದು.

ಯಾರದೋ ಚಕ್ಕಡಿ ಹತ್ತಿ ಜಮಖಂಡಿಯ ಕಚೇರಿಗೆ ಹೋದ. ಅಲ್ಲಿ ತೇರದಾಳದ ಸುಪಾರ್ಶ್ವ ಎಂಬ ಕಾರಕೂನನಿದ್ದ. ಅರ್ಧ ದಿನ ಕಾಯಿಸಿ, ಹಳೆಯ ದಪ್ತರ ತೆಗೆದು, ಒಂದು ಹಾಳೆಯ ಮೇಲೆ ಬೆರಳಿಟ್ಟ.

“ಇದು ಖರೇದಿ ಅಲ್ಲೋ, ಗಹಾಣ. ಅನ್ನವ್ವನ ಗಂಡ ಸಾಲಕ್ಕ ಮನಿ ಒತ್ತಿ ಇಟ್ಟಾನ. ಸಾಲ ಮುಟ್ಟೂತನಾ ನಿಂಗಣ್ಣ ಮನಿ ಇಟಗೋಬಹುದು, ತನ್ನದಂತ ಮಾರಾಕ ಬರೂದಿಲ್ಲ. ಪಟ್ಟಿ ತುಂಬಿದಾವೆಲ್ಲಾ ಮಾಲಕ ಆಗೂದಿಲ್ಲ.”

ಗಂಡ ಸತ್ತಿದ್ದಾನೆ, ಮಕ್ಕಳಿಲ್ಲ, ಹೆಂಡತಿ ಈಗ ರಬಕವಿಯಲ್ಲಿ ಇದ್ದಾಳೆ ಎಂದ ಮುತ್ಯಾ. ರಬಕವಿ ಬನಹಟ್ಟಿಗೆ ಒಂದು ಕೂಗಿನ ದೂರ, ಆದರೆ ಆಗ ಅದು ಸಾಂಗಲಿ ಸಂಸ್ಥಾನ, ಬನಹಟ್ಟಿ ಜಮಖಂಡಿ ಸಂಸ್ಥಾನ. ಆ ಊರಿಗೆ ಹೋದವಳಿಗೆ ಈ ಊರಲ್ಲಿ ಹಕ್ಕು ಉಳಿಯುತ್ತದೆಯೇ ಎಂದು ಕೇಳಿದ.

“ಆಕಿ ಕಾಶ್ಯಾಗ ಕುಂತರೂ ಹಕ್ಕು ಆಕೀದ. ಬಿಡಿಸ್ಕೊಳ್ಳಾಕ ಕಾಯ್ದೆದಾಗ ಅರವತ್ತು ವರ್ಷ ಐತಿ.”

ಒಬ್ಬನ ಮಾತು ನಂಬುವ ಜಾತಿಯೇ ಮುತ್ಯಾ? ಅದೇ ಹಾಳೆಯನ್ನು ಹೊರಗೆ ನಿಂತಿದ್ದ ಒಬ್ಬ ವಕೀಲರನ್ನು ಕರೆತಂದು ಇನ್ನೊಮ್ಮೆ ಓದಿಸಿ, ಆಮೇಲೆ ಊರಿಗೆ ಮರಳಿದ. ಸೀದಾ ರಬಕವಿಗೆ ಹೋಗಿ ಅನ್ನವ್ವನ ಗುಡಿಸಲು ಹುಡುಕಿದ. ಮನೆ ಇನ್ನೂ ನಿನ್ನದೇ, ಇನ್ನು ಮುಂದೆ ದಿನವೂ ಬಂದು ಸಾರಿಸುವ ತ್ರಾಸು ಬೇಡ ಎಂದು ಹೇಳಿದ. ಒಳ್ಳೆಯ ಸುದ್ದಿ ತಂದೆನೆಂದು ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅನ್ನವ್ವ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ನಾ ಬರೂದು ಬಿಟ್ಟರ ಮನಿ ಯಾರಿಗೆ ಹೋಗತೈತಿ? ನಿನ್ನ ನಿಂಗಣ್ಣ ಕಳಿಸ್ಯಾನೋ, ನೀನ ಹೊಡಕೊಳ್ಳಾಕ ಬಂದೀಯೋ?”

ಗಂಡ ಸತ್ತಾಗ ನಿಂಗಣ್ಣನೇ ಆಕೆಗೆ ಹೇಳಿದ್ದ. ಬೇರೆ ಸಂಸ್ಥಾನಕ್ಕೆ ಹೋಗಿ ನೆಲೆಸಿದವರು ದಿನಕ್ಕೊಮ್ಮೆ ಬಂದು ತಮ್ಮ ಹೊಸ್ತಿಲು ಮುಟ್ಟದಿದ್ದರೆ ಹಕ್ಕು ಬಿದ್ದುಹೋಗುತ್ತದೆ, ಒಂದು ದಿನ ತಪ್ಪಿದರೂ ಮುಗಿಯಿತು ಎಂದು. ಒಂದು ತಿಂಗಳಲ್ಲಿ ಸುಸ್ತಾಗಿ ಬಿಟ್ಟಾಳು ಎಂದು ಅವನ ಲೆಕ್ಕ. ಅವಳು ಹನ್ನೊಂದು ವರ್ಷ ಬಂದಳು. ಮಳೆಗೆ ಬಂದಳು, ಪ್ಲೇಗಿನ ದಿನಗಳಲ್ಲಿ ಊರೇ ಖಾಲಿಯಾದಾಗಲೂ ಬಂದಳು, ತಂಗಿ ಸತ್ತ ದಿನ ಹೊಸ್ತಿಲು ಸಾರಿಸಿ ಆಮೇಲೆ ಮಣ್ಣಿಗೆ ಹೋದಳು. ಇದನ್ನು ಬರೆಯುವಾಗಲೂ ನನಗೆ ನಿಂಗಣ್ಣನ ಮೇಲೆ ಮೈ ಉರಿಯುತ್ತದೆ.

ಮುತ್ಯಾ ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವನ ಸಂಶಯ ಅವನಿಗೇ ಎದುರಾಗಿ ನಿಂತಿತ್ತು. ಅವಮಾನವಾಗಿ ಎದ್ದು ಬಂದ.

ಗಡುವಿನ ಕೊನೆಯ ದಿನ ಹೊತ್ತು ಏರಿದರೂ ಅನ್ನವ್ವ ಬರಲಿಲ್ಲ. ಹೊಸ್ತಿಲು ಒಣಗಿತ್ತು. ನಿಂಗಣ್ಣ ಆಕೆಯ ಬಾಯಿ ಮುಚ್ಚಿಸಿದ ಎಂದೇ ಮುತ್ಯಾ ಮೊದಲು ತಿಳಿದ. ಕುಂಟುತ್ತ ರಬಕವಿಗೆ ಹೋಗಿ ನೋಡಿದರೆ, ಜ್ವರದಲ್ಲಿ ಮೈ ನಡುಗುತ್ತ ಆಕೆ ಬಾಗಿಲವರೆಗೆ ತೆವಳಿಕೊಂಡು ಬಂದು ಬಿದ್ದಿದ್ದಳು. ಪಕ್ಕದಲ್ಲಿ ಬುಟ್ಟಿ. ಇವತ್ತು ತಪ್ಪಿತು, ಇವತ್ತು ಎಲ್ಲ ಹೋಯಿತು ಎಂದು ಅಳುತ್ತಿದ್ದಳು. ಕಾರಕೂನನ ಮಾತನ್ನು ಮುತ್ಯಾ ಮತ್ತೆ ಹೇಳತೊಡಗಿದ, ಅರ್ಧಕ್ಕೇ ಬಿಟ್ಟ.

ಹೆಗಲ ಕಂಬಳಿಯಲ್ಲಿ ಆಕೆಯನ್ನು ಸುತ್ತಿ, ಕಾಲು ಮುರಿದ ಕುರಿಯನ್ನು ಎತ್ತುವಂತೆ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಬುಟ್ಟಿ ಕೈಯಲ್ಲಿ. ಕೆಟ್ಟ ಮೊಳಕಾಲಿನಲ್ಲಿ ಒಂದು ಸಂಸ್ಥಾನದಿಂದ ಇನ್ನೊಂದು ಸಂಸ್ಥಾನಕ್ಕೆ ನಡೆದ. ಎರಡೂ ಊರಿನವರು ನಿಂತು ನೋಡಿದರು. ದಾರಿಯಲ್ಲಿ ಆಕೆ ಅವನ ಕಿವಿಯ ಹತ್ತಿರ ಕೇಳಿದಳು, “ಇದರಾಗ ನಿನಗೇನ ಲಾಭ?”

“ನನಗೂ ತಿಳೀವಲ್ದು. ಸುಮ್ಮ ಇರ ಯವ್ವಾ.”

ಹೊಸ್ತಿಲ ಮುಂದೆ ಇಳಿಸಿದ. ಆಕೆ ಕೈಯಗಲದ ನೆಲ ಸಾರಿಸಿ ಅಲ್ಲೇ ಒರಗಿದಳು. ಅಂಗಡಿಯಿಂದ ಓಡಿಬಂದ ನಿಂಗಣ್ಣ ಮುದುಕಿಗೆ ತಲೆ ಕೆಟ್ಟಿದೆ ಎಂದ. ಮುತ್ಯಾ ಓಣಿಗೆಲ್ಲ ಕೇಳುವಂತೆ ದಪ್ತರದ ಮಾತು ಹೇಳಿದ. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಓಣಿ ಅವತ್ತು ಒಂದು ಚೆಂಬು ನೀರು ತಂದು ಅನ್ನವ್ವನಿಗೆ ಕುಡಿಸಿತು.

ಆಕೆ ಗುಣವಾದ ಮೇಲೆ ತಾನೇ ಮನೆ ಮಾರುತ್ತೇನೆಂದಳು. ಜಮಖಂಡಿಯ ಕಚೇರಿಯಲ್ಲೇ ಮನೆಯ ಬೆಲೆಯಿಂದ ನಿಂಗಣ್ಣನ ಸಾಲ ಮುಟ್ಟಿಸಿ, ಗಹಾಣದ ಕಾಗದ ಬಿಡಿಸಿ, ಉಳಿದದ್ದನ್ನು ಮುತ್ಯಾ ಆಕೆಯ ಕೈಗಿಟ್ಟ. ಖರೇದಿ ಪತ್ರವನ್ನು ಸುಪಾರ್ಶ್ವ ಎರಡು ಸಲ ಓದಿದ ಮೇಲೆ, ಮುತ್ಯಾನಿಗೆ ಪರಿಚಯವಿಲ್ಲದ ಮೂರನೆಯವರಿಂದ ಓದಿಸಿ ಆಕೆ ಹೆಬ್ಬೆಟ್ಟು ಒತ್ತಿದಳು. ಮುತ್ಯಾನಿಗೆ ತಕ್ಕ ಜೋಡಿ.

ಮನೆ ಹೊಕ್ಕ ಮರುದಿನ ಸಾತವ್ವ ಬಾಗಿಲು ತೆರೆದರೆ ಹೊಸ್ತಿಲು ಆಗಲೇ ಸಾರಿಸಿಯಾಗಿತ್ತು. ಅನ್ನವ್ವ ಕೈ ತೊಳೆದುಕೊಳ್ಳುತ್ತಿದ್ದಳು. ಬರಬಾರದು ಎಂದು ಕಾಗದದಲ್ಲಿ ಬರೆದಿಲ್ಲವಲ್ಲ ಎಂದಳು. ಮುತ್ಯಾ ಏನು ಮಾಡಿದ ಗೊತ್ತೇ? ಯಾರಿಗೂ ಹೇಳದೆ ಜಮಖಂಡಿಗೆ ಹೋಗಿ, ಹೀಗೆ ದಿನವೂ ಸಾರಿಸಿದರೆ ಆಕೆಗೆ ಮತ್ತೆ ಹಕ್ಕು ಹುಟ್ಟುತ್ತದೆಯೇ ಎಂದು ಸುಪಾರ್ಶ್ವನನ್ನು ಕೇಳಿ ಬಂದ. ಆಕೆಯನ್ನು ಹೆಗಲ ಮೇಲೆ ಹೊತ್ತು ತಂದವನೇ ಹೀಗೆ ಕೇಳಿದ! ಸಾರಿಸಿದರೆ ಹಕ್ಕು ಹುಟ್ಟುವುದೂ ಇಲ್ಲ, ಬಿಟ್ಟರೆ ಸಾಯುವುದೂ ಇಲ್ಲ ಎಂದು ಕಾರಕೂನ ಬೈದು ಕಳಿಸಿದನಂತೆ.

ಇನ್ನೂ ಆರು ವರ್ಷ ಆಕೆ ಬಂದಳು. ಸಾತವ್ವ ದಿನವೂ ಬಿಸಿ ರೊಟ್ಟಿ ಕೊಡುತ್ತಿದ್ದಳು, ಆಕೆ ಮುರಿದು ನೋಡಿ ತಿನ್ನುತ್ತಿದ್ದಳು. ಏಳನೆಯ ವರ್ಷದ ಒಂದು ಬೆಳಿಗ್ಗೆ ಬರಲಿಲ್ಲ, ರಬಕವಿಯಿಂದ ಸುದ್ದಿ ಬಂತು. ಮಣ್ಣು ಮುಗಿಸಿ ಬಂದಾಗ ಹೊತ್ತು ಇಳಿಯುತ್ತಿತ್ತು. ಸಾತವ್ವ ಬುಟ್ಟಿ ಎತ್ತಿಕೊಂಡಳು. ಮುತ್ಯಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಇಡೀ ಓಣಿ ನೋಡುತ್ತಿರುವಾಗ ಕೆಟ್ಟ ಮೊಳಕಾಲು ಊರಿ ಕುಳಿತು, ಗಂಡಸರ ಕೈಗೆ ಬಾರದ ಆ ಕೆಲಸವನ್ನು ಅಂಕುಡೊಂಕಾಗಿ ಮಾಡತೊಡಗಿದ.

“ನೀವ್ಯಾಕ್ರೀ?” ಎಂದಳು ಸಾತವ್ವ.

“ಹೊತ್ತ ಮುಣಗಾಕ ಬಂತು. ಆಕಿ ಹಕ್ಕು ತಪ್ಪತೈತಿ.”