ಹಾರ್ಡ್ ಡಿಸ್ಕಿಗೊಂದು ಬೊಟ್ಟು

ನಾನೇ ತೆಗೆದ ಮದುವೆ ವಿಡಿಯೋ ತೋರಿಸಲು ತಾಳ್ಯ ಅನ್ನೋ ಊರಿನ ಮದುಮಗಳ ಮನೆಗೆ ಹೋಗಿದ್ದೆ. ಮನೆಮಂದಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತರು. ಹಾರ್ಡ್ ಡಿಸ್ಕ್ ಚುಚ್ಚಿದರೆ ಏನೂ ಬರಲಿಲ್ಲ. ಕೇಬಲ್ ಬದಲಿಸಿದೆ, ಆಫ್ ಮಾಡಿ ಆನ್ ಮಾಡಿದೆ, ಕೊನೆಗೆ ಅವರ ಮನೆ ಕರೆಂಟನ್ನೇ ಬೈದೆ. ವಿಡಿಯೋದ ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ.

ಮದುಮಗಳ ಅಜ್ಜಿ ಡಿಸ್ಕನ್ನು ಕಣ್ಣ ಹತ್ತಿರ ಹಿಡಿದು, "ಏನಪ್ಪ, ಈ ತೂತಿನ ತುಂಬ ಕುಂಕುಮ ಐತಲ್ಲ!" ಅಂದರು.

ಆಯುಧಪೂಜೆ ದಿನ ಕ್ಯಾಮೆರಾ ಜೊತೆ ಅದಕ್ಕೂ ಭಕ್ತಿಯಿಂದ ಮೆತ್ತಿದವನು ನಾನೇ! ಹಳೇ ಬ್ರಶ್ಶಿನಲ್ಲಿ ತಿಕ್ಕಿ ಊದಿದೆ. ಮದುಮಗಳು ಪರದೆ ಮೇಲೆ ಬಂದಳು.

"ಎಷ್ಟ್ ಚೆನ್ನಾಗಿ ತೋರಿಸ್ತೈತೆ! ದೃಷ್ಟಿ ಆದೀತು, ಈ ಡಬ್ಬಿಗೊಂದು ಬೊಟ್ಟು ಇಡಾಣ" ಅಂತ ಅಜ್ಜಿ ಕುಂಕುಮದ ಬಟ್ಟಲು ತಂದರು. ನಾನು ಡಿಸ್ಕನ್ನು ಕಿತ್ತು ಜೇಬಿಗೆ ತುರುಕಿ ನನ್ನ ಹಣೆ ಒಡ್ಡಿದೆ.