ಅಬ್ಬಾನ ಕಾಲು, ಗಾಡಿಯ ಬ್ರೇಕು

ಅಬ್ಬಾನ ಬಲಗಾಲಿನ ಚಪ್ಪಲಿ ಪೆಡಲ್ ತುಳಿದು ತುಳಿದು ಯಾವಾಗಲೂ ಹೆಬ್ಬೆರಳಿನ ಕೆಳಗೆ ಮೊದಲು ಸವೆಯುತ್ತದೆ, ಎಡಗಾಲಿನದು ಹಿಮ್ಮಡಿಯಲ್ಲಿ. ಮಂಡಿ ಆಪರೇಷನ್ನಿನ ನಂತರ ಮನೆಯಲ್ಲೇ ಇದ್ದ ತಿಂಗಳುಗಳಲ್ಲಿ ಎರಡೂ ಒಂದೇ ಸಮ ಸವೆದಿದ್ದವು. ಅದನ್ನು ಕಂಡು ನನಗೆ ಕಸಿವಿಸಿಯಾಗಿತ್ತು.

ಚಾಮರಾಜನಗರದಲ್ಲಿ ಪಂಪ್‌ಸೆಟ್ಟು, ಡ್ರಿಪ್ ಪೈಪು ಮಾರುವ ಒಂದು ಅಂಗಡಿಗೆ ಅಬ್ಬಾ ಡ್ರೈವರ್. ಗುಂಡ್ಲುಪೇಟೆ ಕಡೆಯ ಹೊಲಗಳಿಗೆ ಸಾಮಾನು ಇಳಿಸಿ, ಸುಟ್ಟುಹೋದ ಮೋಟಾರುಗಳನ್ನು ರಿಪೇರಿಗೆ ಹೇರಿಕೊಂಡು ಬರುವುದು ಅವರ ಕೆಲಸ. ಅಂಥ ಒಂದು ಮೋಟಾರನ್ನು ಗಾಡಿಗೆ ಏರಿಸುವಾಗಲೇ ಕಾಲು ಜಾರಿ ಬಲಮಂಡಿ ತಿರುಚಿಕೊಂಡದ್ದು. ಅವರು ಮತ್ತೆ ಕೆಲಸಕ್ಕೆ ಹೋದ ದಿನ ಅಂಗಡಿಯ ಮಾಲೀಕರು, "ಕಾಲು ಸರಿಯಿದ್ರೆ ಗಾಡಿ, ಇಲ್ದಿದ್ರೆ ಕೌಂಟರ್. ಸಂಬಳ ಎರಡಕ್ಕೂ ಅದೇ" ಅಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕೌಂಟರ್ ಎಂಬ ಮಾತು ಕೇಳಿದ್ದೇ ಅಬ್ಬಾ, ಕಾಲು ಸರಿಯಿದೆ ಎಂದುಬಿಟ್ಟರು. ಮನೆಗೆ ಬಂದು ನಮಗೂ ಅದನ್ನೇ ಹೇಳಿದರು. ಯಾರೂ ಕೇಳಿರಲಿಲ್ಲ.

ಅವರು ಮನೆಯಲ್ಲಿದ್ದಾಗ ಅಂಗಡಿಗೆ ಹೊಸ ಪಿಕಪ್ ಬಂದಿತ್ತು. ಮುಂದೆ ಕಾರಿನ ಹಾಗೆ ನಾಲ್ಕು ಬಾಗಿಲು, ಹಿಂದೆ ತೆರೆದ ತೊಟ್ಟಿ. ಕ್ಲಚ್ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅದರಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇತ್ತು. ಇಷ್ಟು ವೇಗ ಸಾಕು, ಮುಂದಿನ ಗಾಡಿಯಿಂದ ಇಷ್ಟು ದೂರ ಇರಲಿ ಎಂದು ಗುಂಡಿ ಒತ್ತಿ ಹೇಳಿಬಿಟ್ಟರೆ ಅದೇ ಓಡುತ್ತದೆ, ಅದೇ ನಿಧಾನವಾಗುತ್ತದೆ. ಎದುರಿಗೆ ಏನಾದರೂ ಅಡ್ಡ ಬಂದರೆ ಕೀಂ ಎಂದು ಕೂಗಿ ತಾನೇ ಬ್ರೇಕು ಹಾಕುತ್ತದೆ.

ಅಮ್ಮಾಗೆ ಇದನ್ನು ವಿವರಿಸಿದಾಗ, ದೇವರೇ ಕಳಿಸಿದ ಗಾಡಿ ಅಂದರು. ಅಷ್ಟು ಹೇಳಿಯೂ ನನ್ನನ್ನು ಅಡುಗೆಮನೆಗೆ ಕರೆದು, "ನೀನು ಅವರ ಜೊತೆಗೇ ಹೋಗು. ಕಾಲು ನೋಡ್ತಾ ಇರು" ಅಂದರು. ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ಆ ಮಾತು ಇನ್ನೂ ಸಣ್ಣ ದನಿಯಲ್ಲಿತ್ತು.

ನಾನು ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಬಸ್ಸಿನಲ್ಲಿ ವಿಪರೀತ ರಶ್ಶು ಎಂಬ ನೆಪ ಹೇಳಿ ಅಬ್ಬಾನ ಪಕ್ಕದ ಸೀಟು ಹಿಡಿದೆ.

ಕಷ್ಟವಿದ್ದದ್ದು ಇಲ್ಲಿ. ಊರು ದಾಟಿದ ಕೂಡಲೇ ಅಬ್ಬಾ ಕ್ರೂಸಿಗೆ ಹಾಕಿ ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡು ಆರಾಮಾಗಿ ಕೂರುತ್ತಿದ್ದರು. ಮುಂದೆ ಬಸ್ಸು ನಿಧಾನವಾದರೆ ಪಿಕಪ್ಪೂ ನಿಧಾನ. ಬ್ರೇಕಿನ ಮೇಲೆ ಕಾಲಿಡುವ ಪ್ರಸಂಗವೇ ಅಪರೂಪ. ಇಟ್ಟರೂ ಮೆಲ್ಲಗೆ, ರೋಡ್ ಹಂಪ್ ಬಂದಾಗ. ಒಮ್ಮೆಲೇ ಗಟ್ಟಿಯಾಗಿ ತುಳಿಯಬೇಕಾಗಿ ಬಂದರೆ ಆ ಮಂಡಿ ಕೇಳುತ್ತದೆಯೋ ಇಲ್ಲವೋ, ನನಗೆ ಬೇಕಾಗಿದ್ದ ಉತ್ತರ ಅದೊಂದೇ. ಗಾಡಿ ಆ ಉತ್ತರವನ್ನೇ ಮುಚ್ಚಿಟ್ಟಿತ್ತು. ಯಂತ್ರ ಕೆಟ್ಟ ದಿನ, ಅಥವಾ ಅದಕ್ಕೆ ಕಾಣದ್ದೊಂದು ಅಡ್ಡ ಬಂದ ದಿನ ಏನಾಗುತ್ತದೆ ಎಂದು ಯೋಚಿಸುತ್ತಲೇ ನಾನು ದಾರಿಯುದ್ದಕ್ಕೂ ಕೂತಿರುತ್ತಿದ್ದೆ.

ಗುಂಡ್ಲುಪೇಟೆ ತಲುಪಿದ ಮೇಲೆ ಅಬ್ಬಾ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದರು. ಬಂಡೀಪುರ ದಾಟಿ ಕೇರಳಕ್ಕೆ ತರಕಾರಿ ಒಯ್ಯುವ ಡ್ರೈವರುಗಳು ಅಲ್ಲಿ ಸೇರುತ್ತಾರೆ. ಅವರಿಗೆಲ್ಲ ಅಬ್ಬಾ 'ಬಾಯ್'. ಅಬ್ಬಾ ನನ್ನ ಟೀಯನ್ನು ಕಿಟಕಿಗೆ ತಂದುಕೊಡುತ್ತಿದ್ದರು. ನಾನು ಇಳಿಯುತ್ತಿರಲಿಲ್ಲ. ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

"ಮುಂದ್ಲ ಗಾಡಿಗೂ ಇದ್ಕೂ ಗ್ಯಾಪ್ ಬುಡ್ತದಂತ ಕಣ್ಲಾ," ಎಂದು ಒಂದು ದಿನ ಟೊಮೇಟೊ ಗಾಡಿಯವನು ನಮ್ಮ ಪಿಕಪ್ ಕಡೆ ಕೈ ತೋರಿಸಿ ಶುರುಮಾಡಿದ. "ನಮ್ ರೋಡಲ್ಲಿ ಗ್ಯಾಪ್ ಬುಟ್ರೆ ಅದ್ರೊಳಕ್ಕ ಆಟೋ ನುಗ್ತದ. ಆಟೋಗೆ ಗ್ಯಾಪ್ ಬುಟ್ರೆ ಬೈಕ್ ನುಗ್ತದ. ಎಲ್ಲಾರ್ಗೂ ಜಾಗ ಬುಟ್ಕೊಂಡು ಬುಟ್ಕೊಂಡು ಬಾಯ್ ಹಿಂದ್ಹಿಂದಕ್ಕ ಚಾಮ್ರಾಜ್‌ನಗರಕ್ಕೇ ವಾಪಸ್ ಓಯ್ತಾರ!"

"ರೋಡ್ ಮೇಲಿನ ಬಿಳಿ ಗೆರೆ ನೋಡ್ಕಂಡು ನಡೀತದಂತಲ್ಲ?" ಎಂದ ಇನ್ನೊಬ್ಬ, ಕೋಸು ತುಂಬಿದ ಗಾಡಿಯವನು.

"ಗೆರೆ ಎಲ್ಲದ್ಲಾ? ತೋರ್ಸು, ಕೈ ಮುಗ್ದು ಬತ್ತೀನಿ" ಎಂದ ಟೊಮೇಟೊ ಗಾಡಿಯವನು.

"ಅದಿರ್ಲಿ, ಕಾಡಲ್ಲಿ ಆನೆ ಬಂದ್ರೆ ನಿಲ್ತದಾ ಬಾಯ್?" ಎಂದು ಕೋಸಿನವನು ಕೇಳಿದ.

"ನಿಲ್ತದೆ" ಎಂದರು ಅಬ್ಬಾ.

"ನಿಲ್ತದ, ಸರಿ. ಆನೆ ಮುಂದಕ್ಕ ಬಂದ್ರೆ ರಿವರ್ಸ್ ತಕ್ಕಳದು ಯಾರು?"

ಎಲ್ಲರೂ ನಕ್ಕರು. ಅವರಲ್ಲೆಲ್ಲ ಹಿರಿಯನಾದ ಒಬ್ಬ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಗ್ಬೇಡಿ ಕಣ್ರಲಾ. ಕಾಲಿಗೊಸಿ ರೆಸ್ಟ್ ಕೊಟ್ರೆ ಅದೇ ದೊಡ್ದು. ನನ್ ಗಾಡೀಲಿ ಅದಿದ್ದಿದ್ರೆ ಈ ಸೊಂಟ ಇಂಗಾಯ್ತಿತ್ತಾ?" ಅಂದ. ಆಮೇಲೆ ಕಿಟಕಿಯ ಕಡೆ ತಿರುಗಿ, "ನೀನೇಳು ಕಣಮ್ಮಿ, ಓದ್ದೋಳು. ಕಾಲು ಮೇಲಾ, ಮಿಷಿನ್ ಮೇಲಾ?" ಎಂದು ಕೇಳಿದ.

ಗೊತ್ತಿಲ್ಲ ಎಂದೆ. ಸುಳ್ಳಲ್ಲ.

ಸಂಕ್ರಾಂತಿ ಮುಗಿದ ವಾರ. ತೆರಕಣಾಂಬಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಆ ದಿನಗಳಲ್ಲಿ ನಮ್ಮ ಕಡೆಯ ರಸ್ತೆಗಳೇ ಕಣ. ಹುರುಳಿಗಿಡವನ್ನು ಕಿತ್ತು ತಂದು ಟಾರಿನ ಮೇಲೆ ಹರವುತ್ತಾರೆ, ಹೋಗಿಬರುವ ಗಾಡಿಗಳ ಚಕ್ರಗಳೇ ಒಕ್ಕಣೆ ಮಾಡಿಕೊಡುತ್ತವೆ. ಡ್ರೈವರುಗಳಿಗೆ ಅದು ಅಭ್ಯಾಸ. ಆದರೆ ಆವತ್ತಿನ ಹಾಸು ಮೊಳಕಾಲೆತ್ತರ ಇತ್ತು, ಮತ್ತು ನಮ್ಮ ಗಾಡಿಗೆ ಹುರುಳಿ ಹೊಸದು. ಕೀಂ ಎಂದು ಚೀರಿ, ಕೆಂಪು ದೀಪ ಮಿನುಗಿಸಿ, ನಮ್ಮಿಬ್ಬರನ್ನೂ ಮುಂದಕ್ಕೆ ಜಗ್ಗಿ ನಿಂತುಬಿಟ್ಟಿತು. ಅಬ್ಬಾನ ಕಾಲು ಬ್ರೇಕಿನ ಹತ್ತಿರವೂ ಹೋಗಿರಲಿಲ್ಲ.

ರಸ್ತೆ ಬದಿಯಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸು ಹತ್ತಿರ ಬಂದಳು.

"ಯಾಕ್ ಸಾಬ್ರೇ, ಉಳ್ಳಿ ಕಂಡು ಎದ್ರ್ಕಂಡ್ರಾ?"

"ನಾನಲ್ಲಮ್ಮ, ಗಾಡಿ ಹೆದರ್ಕೊಂಡಿದೆ."

"ಗಾಡಿಗೆ ಎದ್ರಿಕೆನಾ! ಬೆಳಿಗ್ಗಿಂದ ಬಸ್ ಓಯ್ತು, ಲಾರಿ ಓಯ್ತು, ಸ್ಕೂಲ್ ವ್ಯಾನೂ ಓಯ್ತು. ನಿಮ್ದೊಂದೇ ಹೊಸ ಮದುವಣಗಿತ್ತಿ ಆಡ್ದಂಗ ಆಡದು. ಅತ್ಸಿ, ಅತ್ಸಿ."

ಅಬ್ಬಾ ಕ್ರೂಸ್ ತೆಗೆದು ಮೆಲ್ಲಗೆ ಹತ್ತಿಸಿದರು. ಗಾಡಿ ಮತ್ತೆ ಕೂಗಿ ಮತ್ತೆ ನಿಂತಿತು. ಹೆಂಗಸು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಅಬ್ಬಾನ ಕಿವಿ ಕೆಂಪಾಯಿತು.

"ಇದರ ಬ್ರೇಕು ಪೂರ್ತಿ ಆಫ್ ಮಾಡೋದು ಯಾವ ಗುಂಡಿ, ಬೇಟಾ?" ಎಂದು ನನ್ನನ್ನು ಕೇಳಿದರು. ಗಾಡಿಯ ಪುಸ್ತಕ ಓದಿದ್ದವಳು ನಾನೇ. ಗುಂಡಿ ನನ್ನ ಕೈಗೆ ಎಟಕುವಲ್ಲಿತ್ತು. ಅದನ್ನು ಒತ್ತಿ ಹಿಡಿದರೆ ಆಮೇಲೆ ಇರುವುದು ಅಬ್ಬಾನ ಕಾಲು ಮಾತ್ರ. ನಾನು ಕೂಡಲೇ ಕೈ ಚಾಚಲಿಲ್ಲ. ಅವರು ಇನ್ನೊಮ್ಮೆ ಕೇಳಲೂ ಇಲ್ಲ, ಸುಮ್ಮನೆ ಕಾದರು. ಒತ್ತಿದೆ.

ಪಿಕಪ್ ಹುರುಳಿಯ ಮೇಲೆ ಹತ್ತಿ ಕರಕರ ಎಂದು ಆ ತುದಿಗೆ ಇಳಿಯಿತು. ಹೆಂಗಸಿಗೆ ಆಸೆ ಹೆಚ್ಚಾಯಿತು. "ಒಸಿ ಹಿಂದಕ್ಕ ತಕ್ಕಂಡು ಇನ್ನೊಂದ್ಸಲ ಅತ್ಸಿ ಸಾಬ್ರೇ, ಜೋರಾಗಿ. ಪುಣ್ಯ ಬತ್ತದ." ಅಬ್ಬಾ ನಗುತ್ತಾ ಹಿಂದಕ್ಕೆ ತೆಗೆದುಕೊಂಡರು. ಅವಮಾನ ತೀರಿಸಿಕೊಳ್ಳುವವರಂತೆ ಈ ಸಲ ಸ್ವಲ್ಪ ವೇಗವಾಗಿಯೇ ಬಂದರು.

ಅವಳ ಗಂಡ ಆ ಬದಿಯಲ್ಲಿ ಕವೆಗೋಲು ಹಿಡಿದು ಗಿಡ ತಿರುವುತ್ತಿದ್ದ. ನಾವು ಹೋಗಿಬಿಟ್ಟೆವು ಎಂದುಕೊಂಡಿದ್ದನೋ ಏನೋ, ಗಿಡ ಎಳೆಯುತ್ತಾ ಎಳೆಯುತ್ತಾ ಬೆನ್ನು ನಮ್ಮ ಕಡೆಗೆ ಮಾಡಿಕೊಂಡು ರಸ್ತೆಯ ನಡುವಿಗೆ ಬಂದ.

ನಾನು ಅವನನ್ನು ನೋಡಿದ್ದು ಆಮೇಲೆ. ನನ್ನ ಕಣ್ಣು ಅಬ್ಬಾನ ಮಂಡಿಯ ಮೇಲಿತ್ತು. ಅದು ಮೇಲೆದ್ದಿತು, ಪಕ್ಕಕ್ಕೆ ಸರಿಯಿತು, ಪೂರ್ತಿ ಕೆಳಗೆ ಹೋಯಿತು. ಎಲ್ಲೂ ತಡೆಯಲಿಲ್ಲ. ಚಕ್ರಗಳು ಗಿಡದ ಮೇಲೆ ತುಸು ಜಾರಿದವು, ನನ್ನ ತೊಡೆಯ ಮೇಲಿದ್ದ ಚೀಲ ಕೆಳಗೆ ಬಿತ್ತು, ಗಾಡಿ ನಿಂತಿತು. ಅವನಿಗೂ ನಮಗೂ ನಡುವೆ ಇನ್ನೂ ಒಂದಾಳು ಮಲಗುವಷ್ಟು ಜಾಗವಿತ್ತು.

ಅವನು ತಿರುಗಿ ನೋಡಿ, "ಆರನ್ ಒಡ್ಯದಲ್ವಾ?" ಅಂದ.

"ಬುಡಿ ಸಾಬ್ರೇ," ಎಂದಳು ಹೆಂಡತಿ, ಎದೆಯ ಮೇಲೆ ಕೈಯಿಟ್ಟುಕೊಂಡೇ. "ಇವುನ್ಗ ಆರನ್ ಒಡುದ್ರೂ ಕೇಳಲ್ಲ. ಮದ್ವೆ ಆದಾಗ್ಲಿಂದ ನಾನು ಒಡೀತಾನೇ ಇವ್ನಿ."

ಸ್ವಲ್ಪ ಮುಂದೆ ಹೋಗಿ ಅಬ್ಬಾ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದರು. ನಾನು ಮೊದಲ ಸಲ ನೇರವಾಗಿ ಕೇಳಿದೆ.

"ನೋವಾಯ್ತಾ?"

ಅವರು ಮಂಡಿ ಮಡಚಿ, ಚಾಚಿ ನೋಡಿಕೊಂಡರು. "ಆಯ್ತು. ಒತ್ತುವಾಗ ಅಲ್ಲ. ಬಿಡುವಾಗ."

"ಒತ್ತುವಾಗ ಏನೂ ಆಗಲಿಲ್ಲವಾ?"

"ಒತ್ತಿದ್ದೇ ಗೊತ್ತಾಗಲಿಲ್ಲ." ನೀರಿನ ಬಾಟಲಿ ತೆಗೆದು ಕುಡಿದರು. "ಎರಡು ವಾರದಿಂದ ನನ್ನ ಕಾಲನ್ನೇ ನೋಡ್ಕೊಂಡು ಕೂತಿದ್ದೀಯ. ಕುತ್ತಿಗೆ ನೋವು ಬರಲಿಲ್ಲವಾ ನಿನಗೆ?"

ನಾನು ಕೆಳಗೆ ಬಿದ್ದಿದ್ದ ಚೀಲ ಎತ್ತಿಕೊಂಡೆ. ಅವರೇ ಮುಂದುವರಿಸಿದರು. "ನಾನೂ ಅದನ್ನೇ ಕಾಯ್ತಾ ಇದ್ದೆ. ಕಾಲು ಸರಿಯಿದೆ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ. ನನಗೇ ಗೊತ್ತಿರಲಿಲ್ಲ. ಈ ಗಾಡಿ ತಿಳಿಯೋಕೆ ಬಿಡಲೂ ಇಲ್ಲ."

ಎದೆಯಿಂದ ಏನೋ ಇಳಿದು ಹೋಗುತ್ತಿರುವುದು ನನಗೆ ತಿಳಿಯುತ್ತಿತ್ತು. ಹಾಗೆಂದು ಹೇಳುವುದು ನಮ್ಮಿಬ್ಬರಿಗೂ ಅಭ್ಯಾಸವಿಲ್ಲ. ಅಬ್ಬಾ ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟು, ಆ ಗುಂಡಿಯನ್ನು ತಾವೇ ಒತ್ತಿ ಗಾಡಿಯ ಬ್ರೇಕನ್ನು ಮತ್ತೆ ಚಾಲೂ ಮಾಡಿದರು.

"ಇದೂ ಇರಲಿ. ನೇರ ರಸ್ತೆಯಲ್ಲಿ ಕಾಲಿಗೆ ಒಳ್ಳೆಯದೇ. ಊರೊಳಗೆ ನಾನು ನೋಡ್ಕೋತೀನಿ" ಅಂದರು. ಟೀ ಅಂಗಡಿಯಲ್ಲೂ ಅಂದು ಅದನ್ನೇ ಹೇಳಿದರು. ಟೊಮೇಟೊ ಗಾಡಿಯವನು, "ಹಂಗಾದ್ರೆ ಮಿಷಿನ್‌ಗ ಅರ್ಧ ಸಂಬಳ ಕೊಟ್ಬುಡಿ ಬಾಯ್" ಎಂದು ನಕ್ಕ.

ಸಂಜೆ ಅಮ್ಮಾ ಅಡುಗೆಮನೆಯಲ್ಲಿ ಕಣ್ಣಿನಲ್ಲೇ ಕೇಳಿದರು. ಕಾಲು ಚೆನ್ನಾಗಿದೆ ಎಂದೆ. ಹುರುಳಿಯ ವಿಷಯ ಹೇಳಿದೆ, ಆ ಗಂಡಸಿನ ವಿಷಯ ಹೇಳಲಿಲ್ಲ. ಅಮ್ಮಾ ಒಲೆ ಆರಿಸಿ ಅಲ್ಲೇ ಮಣೆಯ ಮೇಲೆ ಕೂತರು. ಆಮೇಲೆ, ಅವರಿಗೆ ಬಿಸಿ ಎಣ್ಣೆ ಹಚ್ಚಬೇಕು ಎಂದು ಎದ್ದರು.

ಮರುದಿನ ಬೆಳಿಗ್ಗೆ ಅಬ್ಬಾ ಪಿಕಪ್ ತಂದು ಮನೆಮುಂದೆ ನಿಲ್ಲಿಸಿದಾಗ, ನಾನು ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. "ರಶ್ಶು ಅಂತಿದ್ದೆ?" ಎಂದರು. "ಇರಲಿ" ಎಂದೆ. ಅವರು ಹೊರಟ ಮೇಲೆ ನಿಲ್ದಾಣಕ್ಕೆ ನಡೆದು ಹೋಗಿ, ಬಸ್ಸು ಹತ್ತಿ, ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆದು, ಕಿಟಕಿಗೆ ತಲೆ ಒರಗಿಸಿದೆ. ತೆರಕಣಾಂಬಿ ಬಂದದ್ದು ತಿಳಿಯಲಿಲ್ಲ. ಗುಂಡ್ಲುಪೇಟೆಯಲ್ಲಿ ಕಂಡಕ್ಟರ್ ನನ್ನನ್ನು ಎಬ್ಬಿಸಬೇಕಾಯಿತು.